ಆರು ಅಂದರೆ ಆರು

ಸಮಿತಿಯ ಸಭೆ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಎಂದು ಡಾಕ್ಟರ್ ತರುಲತಾ ಮಜ್ಮುದಾರ್ ಎಲ್ಲರಿಗೂ ಎರಡೆರಡು ಸಲ ಹೇಳಿದ್ದಳು. ನಾಲ್ಕೂಕಾಲಿಗೆ ಹೃದಯದ ಡಾಕ್ಟರ್ ಕುರುವಿಲಾ ಚಾಕೋ ಬಂದ. ನಾಲ್ಕೂಮುಕ್ಕಾಲಿಗೆ ಮೂಳೆ ಡಾಕ್ಟರ್ ಹರ್ಜೀತ್ ಸೋಧಿ ಬಂದ. ಬಂದವನೇ, ತಾನೇ ಎರಡು ಗಂಟೆಯಿಂದ ಕಾದು ಸುಸ್ತಾದವನ ಹಾಗೆ, "ಇನ್ನೂ ಶುರು ಮಾಡಿಲ್ವಾ?" ಎಂದು ಕೇಳಿದ.

"ಢೋಕ್ಲಾ ಮೂರು ಗಂಟೆಗೆ ಮೆತ್ತಗಿತ್ತು. ಈಗ ಅದನ್ನ ನಿಮ್ಮ ಆಪರೇಷನ್ನಿಗೆ ಮೂಳೆ ಬದಲು ಇಡಬಹುದು," ಎಂದ ತರುವಿನ ಗಂಡ ಬಿಪಿನ್, ತಟ್ಟೆಯನ್ನು ಅವನ ಮುಂದೆ ತಳ್ಳಿ. ಸೋಧಿಗೆ ಅದೇನೂ ನಾಟಲಿಲ್ಲ. ನಾಲ್ಕು ತುಂಡು ತಿಂದು, ಐದನೆಯದನ್ನು ಕೈಗೆತ್ತಿಕೊಂಡು, ಈ ಸಲ ಭಾಂಗ್ಡಾ ತಂಡವನ್ನು ಕ್ಲೀವ್‌ಲ್ಯಾಂಡಿನಿಂದ ಕರೆಸುವುದೋ ಷಿಕಾಗೋದಿಂದಲೋ ಎಂಬ ಮಹತ್ವದ ವಿಷಯ ಎತ್ತಿದ.

ಟೊಲೀಡೋ ಊರಿನ ಮತ್ತು ಸುತ್ತಮುತ್ತಲ ಭಾರತೀಯ ಮೂಲದ ವೈದ್ಯರ ಸಂಘಕ್ಕೆ ಜೂನ್ ತಿಂಗಳ ವಾರ್ಷಿಕ ಸಮಾವೇಶವೆಂದರೆ ಮನೆಯ ಮದುವೆ ಇದ್ದ ಹಾಗೆ. ತರು ಅರಿವಳಿಕೆ ಡಾಕ್ಟರು. ಇಪ್ಪತ್ತು ವರ್ಷ ಊಟದ ಸಮಿತಿಯಲ್ಲೇ ಅವಳನ್ನು ಕೂಡಿಹಾಕಿದ್ದರು. ಪನೀರ್ ಎಷ್ಟು ಪೌಂಡು, ಜೈನರಿಗೆ ಬೇರೆ ಸೌಟು ಇದೆಯೋ ಇಲ್ಲವೋ, ಇದೇ ಅವಳ ಪಾಲಿನ ವೈದ್ಯವಿಜ್ಞಾನ. ಈ ವರ್ಷ ಮೊದಲ ಸಲ ಇಡೀ ಸಮಾವೇಶದ ಉಸ್ತುವಾರಿ ಅವಳದು. ಅವಳು ಕೈ ಎತ್ತಿ ಭಾಂಗ್ಡಾವನ್ನು ನಿಲ್ಲಿಸಿದಳು.

"ಒಂದೇ ಮಾತು. ಈ ಸಲ ಶನಿವಾರದ ಸಭೆ ಆರು ಗಂಟೆಗೆ ಶುರು. ಆರು ಅಂದ್ರೆ ಆರು."

ಚಾಕೋ ನಕ್ಕ. ಸೋಧಿ ನಕ್ಕು ಕೆಮ್ಮಿದ. ಬಿಪಿನ್ ಅವನಿಗೆ ನೀರು ಕೊಡುತ್ತಾ ತಾನೂ ನಕ್ಕ.

"ಭಾಭೀಜಿ, ನನ್ನ ಮದುವೆಗೆ ನಾನೇ ಎರಡು ಗಂಟೆ ಲೇಟು," ಎಂದ ಸೋಧಿ. "ಕುದುರೆ ಕೂಡ ಬೇಜಾರು ಮಾಡ್ಕೊಂಡಿತ್ತು."

"ಅಡುಸುಮಲ್ಲಿ ಸರ್ ಬರ್ತಾರೆ," ಎಂದಳು ತರು.

ನಗು ನಿಂತಿತು. ಚಾಕೋ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದ.

ಗುಂಟೂರಿನ ಡಾಕ್ಟರ್ ಅಡುಸುಮಲ್ಲಿ ಗೋಪಾಲಕೃಷ್ಣಯ್ಯನವರು ಈ ಊರಿಗೆ ಬಂದ ಮೊದಲ ಭಾರತೀಯ ವೈದ್ಯರು. ನರ್ಸುಗಳಿಗೆ ಆ ಹೆಸರು ಬಾಯಲ್ಲಿ ಹೊರಳದೆ 'ಡಾಕ್ಟರ್ ಎ' ಎಂದು ಕರೆದು ಕೈತೊಳೆದುಕೊಂಡಿದ್ದರು. ಅವರ ಮನೆಯ ನೆಲಮಾಳಿಗೆಯಲ್ಲಿ ಆರು ಮಂಚ, ಒಂದು ಅಕ್ಕಿ ಮೂಟೆ, ಒಂದು ಗೊಂಗುರ ಉಪ್ಪಿನಕಾಯಿ ಜಾಡಿ ಸದಾ ಇರುತ್ತಿದ್ದವು. ಪರೀಕ್ಷೆಗೆ ಓದಲು ಬಂದವರು, ಕೆಲಸ ಹುಡುಕಲು ಬಂದವರು, ಹಿಮ ನೋಡಿ ಅತ್ತವರು, ಎಲ್ಲ ಅಲ್ಲೇ ಮಲಗೆದ್ದವರು. ಈ ಸಂಘ ಹುಟ್ಟಿದ್ದೂ ಆ ಮಂಚಗಳ ಮೇಲೆಯೇ.

ಅಂಥವರು ಹತ್ತೊಂಬತ್ತು ವರ್ಷದಿಂದ ಸಮಾವೇಶದ ಕಡೆ ತಲೆ ಹಾಕಿರಲಿಲ್ಲ. ಕೊನೆಯ ಸಲ ಬಂದ ವರ್ಷ ಅವರದೇ ಮುಖ್ಯ ಭಾಷಣ. ಆರು ಗಂಟೆ ಎಂದು ಕಾರ್ಡಿನಲ್ಲಿ ಅಚ್ಚಾಗಿತ್ತು. ಅವರು ಟೈ ಕಟ್ಟಿಕೊಂಡು ಆರಕ್ಕೆ ಐದು ನಿಮಿಷ ಇರುವಾಗ ಬಂದರು. ಮುನ್ನೂರು ಕುರ್ಚಿ, ಒಂದು ನರಪಿಳ್ಳೆಯೂ ಇಲ್ಲ. ಏಳೂ ಹತ್ತರವರೆಗೆ ಕಾದರು. ಆಮೇಲೆ ಎದ್ದು, ಕರವಸ್ತ್ರ ಮಡಿಸುತ್ತಿದ್ದ ನಾಲ್ಕು ಜನ ಬಡಿಸುವವರ ಮುಂದೆ, ಬರೆದು ತಂದಿದ್ದ ಭಾಷಣವನ್ನು ಮೊದಲಿಂದ ಕೊನೆತನಕ ಓದಿದರು. ಆ ನಾಲ್ಕೂ ಜನ ಚಪ್ಪಾಳೆ ತಟ್ಟಿದರಂತೆ. ಅವರಿಗೆ ಕೈಮುಗಿದು ಮನೆಗೆ ಹೋದರು. ಎಂಟಕ್ಕೆ ಬಂದ ನಮ್ಮವರು ತಟ್ಟೆಯಲ್ಲಿ ಸಮೋಸಾ ಹಿಡಿದು "ಸರ್ ಭಾಷಣ ಎಷ್ಟೊತ್ತಿಗೆ?" ಎಂದು ಕೇಳಿದ್ದರು. ಆ ಸಮೋಸಾ ಹಂಚಿದವಳು ತರುವೇ. ಅವತ್ತಿನ ನಾಚಿಕೆ ಅವಳಿಗೆ ಇನ್ನೂ ಆರಿಲ್ಲ.

"ಮನೆ ಮಾರಿಬಿಟ್ಟಿದಾರೆ," ಎಂದಳು ತರು. "ಜುಲೈನಲ್ಲಿ ಮಗಳ ಹತ್ರ ಅರಿಜೋನಾಗೆ ಹೋಗ್ತಾರೆ. ಎಂಬತ್ನಾಲ್ಕು ವಯಸ್ಸು. ಇದೇ ಕೊನೇ ಸಲ. ಹೋಗಿ ಕಾಲು ಹಿಡಿದಿದೀನಿ. ಬರ್ತೀನಿ ಅಂದ್ರು. ಆದ್ರೆ ಬಾಗಿಲು ತೆಗೆದಾಗ ಕುರ್ಚಿ ಖಾಲಿ ಇದ್ರೆ ಅಲ್ಲಿಂದಲೇ ವಾಪಸ್, ಬೇಜಾರು ಮಾಡ್ಕೋಬೇಡ ಅಮ್ಮಾಯಿ, ಅಂದ್ರು."

ಅಮ್ಮಾಯಿ ಎಂದರೆ ಹುಡುಗಿ. ಅರವತ್ತರ ಹೊಸ್ತಿಲಲ್ಲಿರುವ ತರುವನ್ನು ಹಾಗೆ ಕರೆಯುವವರು ಭೂಮಿಯ ಮೇಲೆ ಅವರೊಬ್ಬರೇ ಉಳಿದಿದ್ದರು.

ಉಪಾಯ ಸುಲಭದ್ದು ಎನ್ನಿಸಿತು. ಆರಕ್ಕೆ ಜನ ಬೇಕಿದ್ದರೆ ಕಾರ್ಡಿನಲ್ಲಿ ಐದು ಎಂದು ಹಾಕುವುದು. ತರು ಹಾಗೆಯೇ ಬರೆದು ಕಾರ್ಯದರ್ಶಿ ಚಾಕೋಗೆ ಕೊಟ್ಟಳು.

ಮಧ್ಯೆ ನಡೆದದ್ದು ಎರಡು ವಾರದ ಮೇಲೆ ಗೊತ್ತಾಯಿತು. ಬೌಲಿಂಗ್ ಗ್ರೀನಿನಿಂದ ಮಕ್ಕಳ ಡಾಕ್ಟರ್ ದೇಸಾಯಿ ಫೋನ್ ಮಾಡಿದರು.

"ತರುಬೆನ್, ಕಾರ್ಡ್ ಬಂತು. ಮೂರು ಅಂದ್ರೆ ಎಷ್ಟು?"

"ಎಂಥ ಮೂರು?"

"ಮೂರು ಗಂಟೆಗೆ ಅಂತ ಇದೆಯಲ್ಲ. ಮೂರು ಅಂದ್ರೆ ಐದೋ, ಆರೋ? ನಮ್ಮನೆಯವಳು ಏಳೂವರೆ ಅಂತಾಳೆ."

ತರು ಆ ಸಂಜೆಯೇ ಮೂವರನ್ನೂ ಮುಂದೆ ಕೂರಿಸಿಕೊಂಡಳು. ಚಾಕೋ ಮೊದಲು ಬಾಯಿಬಿಟ್ಟ. "ಚೇಚಿ, ನಮ್ಮ ಜನ ನಿಮಗೆ ಗೊತ್ತಲ್ಲ. ಐದು ಅಂದ್ರೆ ಆರೂವರೆಗೆ ಬರ್ತಾರೆ. ಇರ್ಲಿ ಅಂತ ನಾಲ್ಕು ಮಾಡಿದೆ. ಅಕ್ಕನಿಗೆ ಯಾಕೆ ತಲೆನೋವು ಅಂತ ಹೇಳ್ಲಿಲ್ಲ."

ಅಚ್ಚಿನ ಅಂಗಡಿಗೆ ಹೋದವನು ಬಿಪಿನ್. ಅವನು ಗೋಡೆಯ ಗಡಿಯಾರದ ಕಡೆ ನೋಡುತ್ತಿದ್ದ. "ನಾಲ್ಕು ಅಂತ ಇತ್ತು. ನಂಗ್ಯಾಕೋ ಧೈರ್ಯ ಬರ್ಲಿಲ್ಲ. ಮೂರು ಮಾಡಿಸ್ದೆ. ನಿನಗೇ ಸಹಾಯ ಆಗ್ಲಿ ಅಂತ, ಡಾಕ್ಟರ್ ಸಾಹೇಬ್."

"ನೀವೇನು ಮಾಡಿದ್ರಿ?" ಎಂದು ತರು ಸೋಧಿಯ ಕಡೆ ತಿರುಗಿದಳು.

"ನಾನು ಏನೂ ಬದಲಾಯಿಸಿಲ್ಲ, ಭಾಭೀಜಿ, ದೇವರಾಣೆ. ಮೂರು ಗಂಟೆಗೇ ಬಂದು ಜನ ಪಾಪ ಒದ್ದಾಡಬಾರದು ಅಂತ, ಕಾರ್ಡ್ ನಂಬಬೇಡಿ, ಏಳೂವರೆಗೆ ಬನ್ನಿ ಅಂತ ಒಂದು ನೂರು ಜನಕ್ಕೆ ಹೇಳಿದೀನಿ ಅಷ್ಟೆ."

ಮೂವರು ಬುದ್ಧಿವಂತರು, ಮೂವರಿಗೂ ಒಳ್ಳೆಯ ಮನಸ್ಸು, ಮೂವರೂ ಸೇರಿ ಅವಳ ತಲೆಯ ಮೇಲೆ ಚಪ್ಪಡಿ ಎಳೆದಿದ್ದರು. ತರುಗೆ ಬೈಯುವ ಶಕ್ತಿಯೂ ಉಳಿದಿರಲಿಲ್ಲ. ಅಷ್ಟರಲ್ಲಿ ಫೋನ್ ಮೊಳಗಿತು. ಅಡುಸುಮಲ್ಲಿಯವರು.

"ಅಮ್ಮಾಯಿ, ನೀನು ಆರು ಅಂದೆ. ಕಾರ್ಡ್ ಮೂರು ಅನ್ನುತ್ತೆ. ಯಾವುದು ನಿಜ?"

"ಆರು ಸರ್. ಅಚ್ಚಿನವರ ತಪ್ಪು."

"ಅಚ್ಚಿನವರು ಪಾಪ," ಎಂದು ಅವರು ಸಣ್ಣಗೆ ನಕ್ಕರು. ಅವರಿಗೆ ಎಲ್ಲ ಗೊತ್ತಾಗಿದೆ ಎಂದು ಆ ನಗುವಿನಲ್ಲೇ ತಿಳಿಯಿತು. ಫೋನಿಟ್ಟ ಮೇಲೆ ತರು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತಳು. ಬಿಪಿನ್ ಹಿಂದೆಯೇ ಬಂದ.

"ಸರ್ ಮಾಡಿದ್ದು ನನಗೆ ನೆನಪಿದೆ ಕಣೇ," ಎಂದ. "ನಾನು ಮರೆತಿಲ್ಲ."

ಮರೆಯುವಂಥದ್ದೂ ಅಲ್ಲ. ತರು ಹೊಸದಾಗಿ ಬಂದ ಕಾಲ. ಹಬ್ಬದ ದಿನದ ಡ್ಯೂಟಿಯೆಲ್ಲ ಹೊರದೇಶದಿಂದ ಬಂದವರ ತಲೆಗೇ ಕಟ್ಟುತ್ತಿದ್ದರು. ಥ್ಯಾಂಕ್ಸ್‌ಗಿವಿಂಗ್ ಗುರುವಾರ ಅವಳು ಮೂವತ್ತು ಗಂಟೆಯಿಂದ ಆಸ್ಪತ್ರೆಯಲ್ಲಿದ್ದಳು. ಎರಡು ವರ್ಷ ವೀಸಾಕ್ಕೆ ಕಾದು ಅಂತೂ ಬಿಪಿನ್ ಅವತ್ತೇ ಸಂಜೆ ನಾಲ್ಕಕ್ಕೆ ಡೆಟ್ರಾಯಿಟ್‌ನಲ್ಲಿ ಇಳಿಯುವವನಿದ್ದ. ಅವಳನ್ನು ಡ್ಯೂಟಿಯಿಂದ ಬಿಡಿಸಬೇಕಾದವನು ಜ್ವರ ಎಂದು ಫೋನ್ ಮಾಡಿ ಮಲಗಿಬಿಟ್ಟ. ಬಿಡಿಸುವವರು ಬರದೆ ಜಾಗ ಬಿಡುವಂತಿಲ್ಲ. ಮಧ್ಯಾಹ್ನ ಎರಡಕ್ಕೆ ಬಾಗಿಲು ತೆರೆದು ಅಡುಸುಮಲ್ಲಿ ಸರ್ ಒಳಗೆ ಬಂದರು. ವಿಭಾಗದ ಮುಖ್ಯಸ್ಥರು, ಟೈ ಕಟ್ಟಿದವರು, ಒಬ್ಬ ಕಿರಿಯಳ ಪಾಳಿಗೆ. "ಡ್ಯೂಟಿ ಬಿಡಿಸೋಕೆ ಬಂದಿದೀನಿ. ಹೋಗು," ಎಂದರು. ಅಷ್ಟೇ ಮಾತು. ತೆಳ್ಳನೆ ಸ್ವೆಟರಿನಲ್ಲಿ ಗಡಗಡ ನಡುಗುತ್ತಾ ಬಿಪಿನ್ ಹೊರಗೆ ಬಂದಾಗ ಎದುರಿಗೆ ಅವಳಿದ್ದಳು.

ಕಾರ್ಡಿನ ಗೋಜಲಿಗೆ ದಾರಿ ಸಿಕ್ಕಿದ್ದು ಸರ್ ಫೋನ್ ಮಾಡಿದ ಮರುದಿನ ಬೆಳಿಗ್ಗೆ, ಆಸ್ಪತ್ರೆಯಲ್ಲಿ. ಏಳಕ್ಕೆ ಹತ್ತು ನಿಮಿಷ ಇತ್ತು. ವೈದ್ಯರ ಕೋಣೆಯ ಬಾಗಿಲು ದೂಡಿಕೊಂಡು ಒದ್ದೆ ಕೋಟಿನಲ್ಲಿ ಓಡೋಡಿ ಬಂದವನು ಯಾರೆಂದರೆ ಹರ್ಜೀತ್ ಸೋಧಿ.

"ನೀವಾ? ಇಷ್ಟು ಬೇಗ?" ಎಂದಳು ತರು.

"ಡಾಕ್ಟರ್ ವಿಲಿಯಮ್ಸ್ ನಿನ್ನೆಯಿಂದ ಡ್ಯೂಟಿಯಲ್ಲಿ ನಿಂತಿದಾನೆ ಭಾಭೀಜಿ. ನಾನು ಬರದೆ ಅವನು ಮನೆಗೆ ಹೋಗೋ ಹಾಗಿಲ್ಲ."

"ಯಾವತ್ತಾದ್ರೂ ಲೇಟಾಗಿದೀರಾ?"

"ಡ್ಯೂಟಿಗಾ?" ಸೋಧಿಗೆ ನಿಜವಾಗಿಯೂ ಅವಮಾನವಾದ ಹಾಗಿತ್ತು. "ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಇಲ್ಲ. ಏನು ಮಾತು ಅಂತ ಆಡ್ತೀರಿ?"

ತರು ಕೈಯಲ್ಲಿದ್ದ ಕಾಫಿಯನ್ನು ಮರೆತು ಅವನನ್ನೇ ನೋಡಿದಳು. ಸ್ವಂತ ಮದುವೆಗೆ ಎರಡು ಗಂಟೆ ತಡ ಮಾಡಿದ ಮನುಷ್ಯ. ಅವಳ ಎದೆಯಲ್ಲಿ ದೀಪ ಹೊತ್ತಿದ ಹಾಗಾಯಿತು. ಈ ಜನಕ್ಕೆ ಗಡಿಯಾರ ನೋಡಲು ಬರುವುದಿಲ್ಲ ಎಂದು ತಾನು ತಿಳಿದದ್ದೇ ತಪ್ಪು. ಆಮಂತ್ರಣಕ್ಕೆ ಇವರು ಹಂದಾಡುವುದಿಲ್ಲ. ತಾನು ಹೋಗದೆ ಇನ್ನೊಬ್ಬ ಏಳುವಂತಿಲ್ಲ ಎಂದರೆ ಕಾಲು ಮುರಿದಿದ್ದರೂ ಕುಂಟುತ್ತಾ ಬರುತ್ತಾರೆ. ಯಾಕೆಂದರೆ ಇವರಲ್ಲಿ ಪ್ರತಿಯೊಬ್ಬರೂ ಎಂದೋ ಒಂದು ಹಬ್ಬದ ದಿನ, ಬರದೇ ಹೋದವರಿಗಾಗಿ ಕಾದು ಕೂತವರೇ.

ಅವಳು ಮೂರು ದಿನ ಕೂತು ಡ್ಯೂಟಿ ಪಟ್ಟಿ ತಯಾರಿಸಿದಳು. ಥೇಟ್ ಆಸ್ಪತ್ರೆಯದರ ಹಾಗೆ, ಕಣ್ಣಿಗೆ ಹಿಂಸೆಯಾಗುವ ಸಣ್ಣ ಚೌಕಗಳು, ಸಣ್ಣ ಅಕ್ಷರ. ಇಪ್ಪತ್ತೆಂಟು ಮೇಜು, ಮೇಜಿಗೆ ಐದು ಜೋಡಿ. ಮೊದಲ ಜೋಡಿ ಐದಕ್ಕೆ ಬಂದು ಮೇಜು ವಹಿಸಿಕೊಳ್ಳಬೇಕು. ಐದೂ ಹತ್ತಕ್ಕೆ ಎರಡನೆಯ ಜೋಡಿ ಬಂದು ಅವರನ್ನು ಬಿಡಿಸಬೇಕು, ಹೀಗೆ ಹತ್ತು ಹತ್ತು ನಿಮಿಷಕ್ಕೊಂದು ಜೋಡಿ. ಬಿಡಿಸಿಕೊಂಡವರಿಗೆ ಪಡಸಾಲೆಯಲ್ಲಿ ಚಹಾ, ಪಕೋಡಾ. ಬಿಡಿಸುವವರು ಬರದಿದ್ದರೆ ಕೂತವರು ಏಳುವಂತಿಲ್ಲ, ಚಹಾವೂ ಇಲ್ಲ. ಐದೂ ಐವತ್ತೈದಕ್ಕೆ ಎಲ್ಲರೂ ವಾಪಸ್ ತಮ್ಮ ಕುರ್ಚಿಗೆ. ದಯವಿಟ್ಟು ಎಂದಾಗಲಿ, ತಮ್ಮ ಆಗಮನವನ್ನು ಬಯಸುವ ಎಂದಾಗಲಿ ಎಲ್ಲೂ ಬರೆಯಲಿಲ್ಲ. ಪಟ್ಟಿಯ ಕೊನೆಯ ಸಾಲಿನಲ್ಲಿ ಮಾತ್ರ ಒಂದು ಹೆಸರು ಒಂಟಿಯಾಗಿತ್ತು.

"ಜನ ಉಗೀತಾರೆ," ಎಂದ ಬಿಪಿನ್. "ಹಬ್ಬಕ್ಕೆ ಕರೆದು ಡ್ಯೂಟಿ ಹಾಕ್ತೀಯಲ್ಲ."

"ಉಗೀಲಿ. ಟೈಮಿಗೆ ಬಂದು ಉಗೀಲಿ."

ಉಗಿಯಲಿಲ್ಲ. ಪಟ್ಟಿ ಕಳಿಸಿದ ಮಧ್ಯಾಹ್ನದಿಂದ ಫೋನು ಬಿಡುವಿಲ್ಲದೆ ಮೊಳಗಿತು. ಮೂರು ಅಂದರೆ ಎಷ್ಟು ಎಂದು ಒಬ್ಬರೂ ಕೇಳಲಿಲ್ಲ. "ನಂಗೆ ಐದೂ ಇಪ್ಪತ್ತರದ್ದು ಆಗಲ್ಲ, ಚೌಧರಿ ಜೊತೆ ಬದಲಾಯಿಸ್ಕೋತೀನಿ, ಬರ್ಕೊಳ್ಳಿ," ಎಂದರು ಒಬ್ಬರು. "ನನ್ನ ಬಿಡಿಸೋಕೆ ಗುಪ್ತಾನ ಹಾಕಿದೀರಿ, ಅವನು ಬರೋದು ಗ್ಯಾರಂಟಿ ತಾನೇ?" ಎಂದು ಇನ್ನೊಬ್ಬರು. ದೇಸಾಯಿಯವರಂತೂ "ನನಗ್ಯಾಕೆ ಯಾವಾಗಲೂ ಮೊದಲ ಪಾಳಿ?" ಎಂದು ತರಬೇತಿಯಲ್ಲಿರುವ ರೆಸಿಡೆಂಟ್ ಹುಡುಗರ ಹಾಗೆ ಜಗಳ ತೆಗೆದರು. ತರು ಫೋನಿಟ್ಟು ಅಡುಗೆಮನೆಯಲ್ಲಿ ಒಂದು ಸುತ್ತು ಗರ್ಬಾ ಹಾಕಿಬಿಟ್ಟಳು. ಡ್ಯೂಟಿ ಬದಲಾಯಿಸಿಕೊಳ್ಳುತ್ತಿದ್ದಾರೆ ಎಂದರೆ ಬಂದೇ ಬರುತ್ತಾರೆ.

ಬಂದರು. ಆ ಶನಿವಾರ ಐದಕ್ಕೆ ಹತ್ತು ನಿಮಿಷ ಇರುವಾಗ ಸೋಧಿ ಟೈಯನ್ನು ಕೈಯಲ್ಲೇ ಹಿಡಿದು ಹೋಟೆಲಿನ ಸಭಾಂಗಣಕ್ಕೆ ಓಡಿಬಂದು ಹನ್ನೆರಡನೇ ಮೇಜು ವಹಿಸಿಕೊಂಡ. ಐದೂ ಹತ್ತಕ್ಕೆ ರೇಷ್ಮೆ ಸೀರೆಗಳು ಸರಬರ ಎಂದವು. ಮೇಜು ಮೇಜಿನ ಹತ್ತಿರ ಡಾಕ್ಟರುಗಳು ಗಂಭೀರವಾಗಿ ಪಾಳಿ ಒಪ್ಪಿಸುತ್ತಿದ್ದರು. "ನೀರಿನ ಹೂಜಿ ಎರಡು, ಹೂದಾನಿ ಒಂದು, ಕುರ್ಚಿ ಹತ್ತು, ಒಂದರ ಕಾಲು ಸ್ವಲ್ಪ ಅಲುಗಾಡುತ್ತೆ, ಉಳಿದಂತೆ ರೋಗಿ ಆರಾಮ." "ಸರಿ, ನೀವು ಹೊರಡಿ." ಪಡಸಾಲೆಯಲ್ಲಿ ಪಕೋಡಾ ಮೆಲ್ಲುತ್ತಾ ಜನ ಗಡಿಯಾರ ನೋಡಿಕೊಳ್ಳುತ್ತಿದ್ದರು. ನಲವತ್ತು ವರ್ಷದ ಇತಿಹಾಸದಲ್ಲಿ ಇಂಥದ್ದು ನಡೆದಿರಲಿಲ್ಲ.

ಆರಕ್ಕೆ ಐದು ನಿಮಿಷ. ಇನ್ನೂರ ಎಂಬತ್ತು ಕುರ್ಚಿ, ಇನ್ನೂರ ಎಂಬತ್ತು ಜನ. ಊಟದವನು ಮಾತ್ರ ಬೆಚ್ಚಿಬಿದ್ದಿದ್ದ. "ಮೇಡಂ, ಹದಿನೈದು ವರ್ಷದಿಂದ ನಾನು ಏಳೂವರೆಗೇ ತರೋದು. ನೀವು ಆರು ಅಂದ್ರೆ ನಾನ್ಯಾಕೆ ನಂಬ್ತೀನಿ? ಬಿಸಿ ಊಟ ಇನ್ನೂ ಮಿಷಿಗನ್‌ನಲ್ಲಿದೆ!" ತರುಗೆ ಅದೂ ನಗು ತರಿಸಿತು.

ಆರು ಹೊಡೆಯಿತು. ಎಲ್ಲರೂ ಬಾಗಿಲ ಕಡೆ ತಿರುಗಿದರು. ಬಾಗಿಲು ತೆರೆಯಲಿಲ್ಲ.

ಆರೂ ಐದು. ಆರೂ ಹತ್ತು. "ಸರ್ ಲೇಟಾ?" ಎಂದು ಯಾರೋ ಪಿಸುಗುಟ್ಟಿದರು. ಜೀವಮಾನದಲ್ಲಿ ಒಂದು ನಿಮಿಷ ತಡ ಮಾಡದ ಮನುಷ್ಯ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಚಾಕೋನ ಮುಖ ಬಿಳಿಚಿತು, ಅವನ ಕೈ ಆಗಲೇ ಕಾರಿನ ಕೀಲಿಯ ಮೇಲಿತ್ತು. ಇಡೀ ಸಭೆಯ ತುಂಬ ಡಾಕ್ಟರುಗಳು, ಒಬ್ಬೊಬ್ಬರ ತಲೆಯಲ್ಲೂ ಒಂದೊಂದು ಕಾಯಿಲೆಯ ಹೆಸರು. ತರುಗೆ ಕೂತಲ್ಲಿ ಕೂರಲಾಗಲಿಲ್ಲ. ಚೀಲದಿಂದ ಪಟ್ಟಿಯ ಹಾಳೆ ಎಳೆದುಕೊಂಡು ಅವಳು ಹೊರಗೆ ಓಡಿದಳು.

ಮುಂದಿನ ಅಂಗಳದಲ್ಲಿ ಅವರ ಕಾರಿರಲಿಲ್ಲ. ಹೋಟೆಲು ಸುತ್ತಿ ಹಿಂಬದಿಗೆ ಹೋದಳು. ಅಡುಗೆಮನೆಯ ಬಾಗಿಲಿನಾಚೆ, ಕಸದ ಡಬ್ಬಿಗಳ ಪಕ್ಕ, ಅವರ ಬೂದಿ ಬಣ್ಣದ ಹಳೆಯ ಬ್ಯೂಕ್ ಕಾರು ನಿಂತಿತ್ತು. ಗಾಜು ಇಳಿಸಿತ್ತು. ಅಡುಸುಮಲ್ಲಿ ಸರ್ ಟೈ ಕಟ್ಟಿಕೊಂಡು, ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು, ನೆಟ್ಟಗೆ ಕೂತಿದ್ದರು.

"ಸರ್! ಏನಾಯ್ತು? ಎದೆ ನೋವಾ?"

"ಏನೂ ಇಲ್ಲ ಅಮ್ಮಾಯಿ. ಗಟ್ಟಿಯಾಗಿದೀನಿ." ಅವರು ಅವಳ ಕಡೆ ನೋಡಲಿಲ್ಲ. "ನಾಲ್ಕೂವರೆಗೇ ಬಂದೆ. ಆರಾಗ್ಲಿ ಅಂತ ಕೂತೆ. ಆರಾಯ್ತು. ಇಳಿಯೋಕೆ ಆಗ್ಲಿಲ್ಲ."

ಅವರ ಮೇಲ್ಜೇಬಿನಲ್ಲಿ ಮಡಿಸಿದ ಕಾಗದವಿತ್ತು. ಮಡಿಕೆಯಲ್ಲಿ ಹಳದಿಯಾಗಿ ಹರಿದಿತ್ತು. ಹತ್ತೊಂಬತ್ತು ವರ್ಷದ ಹಿಂದಿನದೇ ಕಾಗದ.

"ವಾಪಸ್ ಹೋಗ್ತೀನಿ ಅಂತ ದೊಡ್ಡದಾಗಿ ಹೇಳಿದ್ನಲ್ಲ," ಎಂದರು. "ಸುಳ್ಳು. ಇನ್ನೊಂದು ಸಲ ಆ ಖಾಲಿ ಕುರ್ಚಿ ನೋಡೋ ತಾಕತ್ತು ನಂಗಿಲ್ಲ. ಒಳಗೆ... ಯಾರಾದ್ರೂ ಇದಾರಾ?"

ಎಲ್ಲರಿಗೂ ಧೈರ್ಯ ಹೇಳಿದ ಮನುಷ್ಯ ಇಲ್ಲಿ ಕಸದ ಡಬ್ಬಿಯ ಪಕ್ಕ ಹತ್ತಿರ ಹತ್ತಿರ ಎರಡು ಗಂಟೆ ಹೆದರಿ ಕೂತಿದ್ದರು. ತರು ಹಾಳೆಯನ್ನು ಕಿಟಕಿಯೊಳಗೆ ಚಾಚಿದಳು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಡ್ಯೂಟಿ ಪಟ್ಟಿಯನ್ನು ಓದುವ ಅವರ ಕಣ್ಣು ಇನ್ನೂ ಚುರುಕಾಗಿಯೇ ಇತ್ತು. ಚೌಕದಿಂದ ಚೌಕಕ್ಕೆ, ಹೆಸರಿನಿಂದ ಹೆಸರಿಗೆ ಇಳಿಯಿತು. ದೇಸಾಯಿ, ಸೋಧಿ, ಚಾಕೋ, ಗುಪ್ತಾ. ಅರ್ಧದಷ್ಟು ಜನ ಅವರ ನೆಲಮಾಳಿಗೆಯ ಮಂಚಗಳವರು. ಕೊನೆಯ ಸಾಲಿಗೆ ಬಂದು ಕಣ್ಣು ನಿಂತಿತು. 'ಡಾ. ಅಡುಸುಮಲ್ಲಿ: ಡ್ಯೂಟಿ ಇಲ್ಲ.'

ತರು ಕಾರಿನ ಬಾಗಿಲು ತೆರೆದಳು.

"ಡ್ಯೂಟಿ ಬಿಡಿಸೋಕೆ ಬಂದಿದೀನಿ ಸರ್," ಎಂದಳು. "ಹೋಗಿ. ಎಲ್ಲರೂ ಕಾಯ್ತಿದಾರೆ."

ಅವರು ಅವಳ ಕಡೆ ತಿರುಗಿದರು. ಕಣ್ಣು ತುಂಬಿ ಬಂದಿತ್ತು, ಮುಚ್ಚಿಡುವ ಪ್ರಯತ್ನವನ್ನೂ ಅವರು ಮಾಡಲಿಲ್ಲ. ಆಮೇಲೆ ಅವಳ ಕೈ ಹಿಡಿದು ಇಳಿದರು.

ಬಾಗಿಲು ತೆರೆದಾಗ ಇನ್ನೂರ ಎಂಬತ್ತು ಜನ ಒಟ್ಟಿಗೆ ಎದ್ದು ನಿಂತರು. ಬಿಪಿನ್ ಎಲ್ಲರಿಗಿಂತ ಮುಂದಿದ್ದ. ಅವನ ಚಪ್ಪಾಳೆಯೇ ಎಲ್ಲರದಕ್ಕಿಂತ ಜೋರು. ಅಡುಸುಮಲ್ಲಿ ಸರ್ ಹೊಸ್ತಿಲಲ್ಲೇ ನಿಂತು, ತುಂಬಿದ ಕುರ್ಚಿಗಳನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನಿಧಾನವಾಗಿ ನೋಡಿದರು. ಮೇಜುಗಳ ನಡುವೆ ಒಬ್ಬೊಬ್ಬರ ಭುಜ ಮುಟ್ಟುತ್ತಾ ಮೈಕಿನ ಹತ್ತಿರ ಹೋಗಿ ಕೈಗಡಿಯಾರ ನೋಡಿಕೊಂಡರು.

"ಕ್ಷಮಿಸಿ," ಎಂದರು. "ಅರ್ಧ ಗಂಟೆ ಲೇಟಾಯ್ತು."

"ಸರ್ ಲೇಟು! ಅಡುಸುಮಲ್ಲಿ ಸರ್ ಲೇಟು!" ಎಂದು ಸೋಧಿ ಕುರ್ಚಿ ಹತ್ತಿ ಕೂಗಿದ. ನಗುವಿಗೆ ಚಾವಣಿ ಹಾರಿಹೋಗದಿದ್ದದ್ದು ಹೆಚ್ಚು. ಸರ್ ಕೂಡ ಮೈಕು ಹಿಡಿದುಕೊಂಡು ಕಣ್ಣೀರು ಬರುವಷ್ಟು ನಕ್ಕರು. ಜೇಬಿನಿಂದ ಹಳೆಯ ಕಾಗದ ತೆಗೆದು, ಅಡುಗೆಮನೆಯ ಬಾಗಿಲಲ್ಲಿ ಇಣುಕುತ್ತಿದ್ದ ಬಡಿಸುವವರಿಗೆ ಬನ್ನಿ, ಕೂತುಕೊಳ್ಳಿ ಎಂದು ಸನ್ನೆ ಮಾಡಿದರು.

ಬಿಸಿ ಊಟ ಏಳೂವರೆಗೇ ಬಂತು. ಸರ್ ಅಲ್ಲಿಯವರೆಗೂ ಮಾತಾಡಿದರು. ಮೊದಲು ಕಾಗದ ನೋಡಿ, ಆಮೇಲೆ ಅದನ್ನು ಮಡಿಸಿಟ್ಟು, ಮಂಚಗಳ ಬಗ್ಗೆ, ಅಕ್ಕಿ ಮೂಟೆಯ ಬಗ್ಗೆ, ಯಾರು ಯಾವ ರಾತ್ರಿ ಅತ್ತರು ಎಂಬುದರ ಬಗ್ಗೆ. ಒಂದು ಗಂಟೆ, ಎಲ್ಲರಿಗೂ ಹಸಿವು, ಕೊನೆಗೆ ಹೊರಗಿನಿಂದ ಬಿಸಿ ಪೂರಿಯ ವಾಸನೆ ಬೇರೆ. ಆದರೂ ಒಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ. ಬಿಡಿಸುವವರು ಇನ್ನೂ ಬಂದಿರಲಿಲ್ಲ.